ನಕಲಿ ಎನ್ನಿಸಿಕೊಂಡ ಬ್ರೇಕ್ ಪ್ಯಾಡು

ನಾನು ಒಂದು ಬ್ರೇಕ್ ಪ್ಯಾಡು. ನನ್ನ ಹೆಸರು ನೀವು ಕೇಳಿರುತ್ತೀರಿ, ಮುಖ ನೋಡಿರುವುದಿಲ್ಲ. ಅದು ನಿಮ್ಮದೇ ತಪ್ಪು. ಕಾರು ಕೊಳ್ಳುವಾಗ ಬಣ್ಣ ನೋಡುತ್ತೀರಿ, ಸೀಟು ಒತ್ತಿ ನೋಡುತ್ತೀರಿ, ಹಾರ್ನ್ ಬಾರಿಸಿ ನೋಡುತ್ತೀರಿ. ಓಡುವ ಗಾಡಿಯನ್ನು ನಿಲ್ಲಿಸುವವನು ಯಾರೆಂದು ಒಬ್ಬರೂ ಬಗ್ಗಿ ನೋಡುವುದಿಲ್ಲ.

ಲೋಹದ ಪುಡಿ, ನಾರು, ಅಂಟು, ಇನ್ನೂ ಏನೇನೋ ಕಲಸಿ, ಅಚ್ಚಿನಲ್ಲಿ ಒತ್ತಿ, ಉಕ್ಕಿನ ತಗಡಿಗೆ ಅಂಟಿಸಿ, ಒಲೆಯಲ್ಲಿ ಬೇಯಿಸಿ ನನ್ನನ್ನು ಮಾಡಿದರು. ಬೆಂದೇ ಹುಟ್ಟಿದವನಿಗೆ ಬಿಸಿಯ ಹೆದರಿಕೆ ಇಲ್ಲ. ನಾವು ನಾಲ್ವರು ಅಣ್ಣತಮ್ಮಂದಿರು ಒಂದೇ ಡಬ್ಬಿಯಲ್ಲಿದ್ದೆವು. ಮುಂದಿನ ಎರಡು ಗಾಲಿಗಳಿಗೆ ಇಬ್ಬಿಬ್ಬರು. ಗಾಲಿಯ ಜೊತೆ ತಿರುಗುವ ಉಕ್ಕಿನ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಅದನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿದು ಸವೆಯುವುದು ನಮ್ಮ ಬಾಳು.

ಧಾರವಾಡದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದು ಬಿದ್ದೆ. ಒಂದು ದಿನ ಇಬ್ಬರು ಬಂದರು. ಒಬ್ಬರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಗುರುಪಾದಪ್ಪ ಮಾಸ್ತರರು. ಇನ್ನೊಬ್ಬ, ಅವರ ಹಳೆಯ ಬಿಳಿ ಕಾರನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡು ಬಂದ ಮೆಕ್ಯಾನಿಕ್ ದಾವಲಸಾಬ. ಮಾಸ್ತರರ ಕಣ್ಣೆಲ್ಲ ಗೋಡೆಗೆ ತೂಗುಹಾಕಿದ್ದ ಅಲಾಯ್ ಗಾಲಿಗಳ ಮೇಲೆ.

"ಗಾಲಿ ಥಳಥಳ ಅಂದ್ರ ಗಾಡಿ ನಿಲ್ಲೂದಿಲ್ರಿ ಮಾಸ್ತರ," ಅಂದ ದಾವಲಸಾಬ. "ನಿಮ್ಮ ಡಿಸ್ಕ್ ಹಪ್ಪಳದಂಗ ತೆಳ್ಳಗ ಆಗ್ಯಾವು. ಇದ ಗಾಡಿ ಮುಂದಿನ ಮಾಡೆಲ್ದು ದಪ್ಪ ಡಿಸ್ಕ್ ಇದಕ್ಕ ಕುಂದ್ರತಾವು. ಅವನ್ನ ಹಾಕಿ, ಒಳ್ಳೇ ಪ್ಯಾಡ್ ಹಾಕೂಣು."

ಅಂಗಡಿಯವನು ಬೆಂಕಿಯ ಚಿತ್ರವಿದ್ದ ಡಬ್ಬಿಯೊಂದನ್ನು ಮುಂದೆ ತಳ್ಳಿದ. ರೇಸಿನ ಕಾರಿಗೆ ಹಾಕುವ ಪ್ಯಾಡಂತೆ.

"ಅದು ಚಂದಂಗ ಕಾದ ಮ್ಯಾಲ ಹಿಡಿತೈತಿ. ಮಾಸ್ತರು ಕಾಯಿಪಲ್ಯಾ ತರಾಕ ಹೋಗಾವ್ರು. ಅದು ಕಾಯೂದ್ರಾಗ ಸಂತಿ ಮುಗಿದಿರತೈತಿ," ಅಂದ ದಾವಲಸಾಬ.

ಅಗ್ಗದ ಪ್ಯಾಡೊಂದನ್ನು ಉಗುರಿನಿಂದ ಗೀರಿದ, ಪುಡಿ ಉದುರಿತು. ನನ್ನನ್ನೂ ಗೀರಿದ, ಏನೂ ಉದುರಲಿಲ್ಲ. "ಇದ ಇರ್ಲಿ," ಅಂದ. ಆ ಎರಡು ಮಾತಿಗೆ ನಾನು ಇಂದಿಗೂ ಋಣಿ.

ಗ್ಯಾರೇಜಿನಲ್ಲಿ ಅವನು ಮೊದಲು ಸೋಪು ಹಚ್ಚಿ ಕೈ ತೊಳೆದುಕೊಂಡ, ಆಮೇಲೆ ನನ್ನನ್ನು ಮುಟ್ಟಿದ. "ಇದರ ಮಾರಿಗೆ ಎಣ್ಣಿ ಹತ್ತಬಾರ್ದ್ರಿ ಮಾಸ್ತರ. ಒಮ್ಮಿ ಕುಡೀತಂದ್ರ ಮುಗೀತು." ಮಾಸ್ತರರು ಎಲ್ಲ ತಿಳಿದವರ ಹಾಗೆ ತಲೆಯಾಡಿಸಿದರು. ಆ ತಲೆಯಾಡಿಸಿದ್ದನ್ನು ನೆನಪಿಟ್ಟುಕೊಳ್ಳಿ.

ಎಂಟು ತಿಂಗಳು ನಾನು ಮಾನದಿಂದ ದುಡಿದೆ. ಅಡ್ಡ ಬಂದ ಕರುವಿನ ಮುಂದೆ ನಿಂತೆ, ಎದುರು ನೋಡದೆ ದಾಟುವ ಕಾಲೇಜು ಹುಡುಗಿಯರ ಮುಂದೆ ನಿಂತೆ. ನಿಂತಾಗಲೆಲ್ಲ ಮಾಸ್ತರರು ತಮ್ಮ ಡ್ರೈವಿಂಗನ್ನು ತಾವೇ ಹೊಗಳಿಕೊಂಡರು.

ಆಮೇಲೆ ಖಂಡೇನವಮಿ ಬಂತು. ನಿಮ್ಮ ಊರಿನಲ್ಲಿ ಆಯುಧ ಪೂಜೆ ಎನ್ನುತ್ತೀರೋ ಏನೋ. ಮಾಸ್ತರರು ಕಾರನ್ನು ತೊಳೆಸಲು ಒಯ್ದರು. ನಮ್ಮ ಕಡೆ ನೀರಿನಿಂದ ತೊಳೆದರೆ ತೊಳೆದಂತಲ್ಲ. ತುಕ್ಕು ಹಿಡಿಯದಿರಲೆಂದು ಗಾಡಿಯ ಕೆಳಗೆಲ್ಲ ಪಿಚಕಾರಿಯಿಂದ ಎಣ್ಣೆ ಹೊಡೆಯಬೇಕು.

"ಎಣ್ಣಿ ಹೊಡೀಲೇನ್ರಿ?" ಎಂದು ತೊಳೆಯುವವನು ಕೇಳಿದ.

"ಹೊಡಿಯೋ, ಬೇಕಾದಷ್ಟು ಹೊಡಿ. ವರ್ಷಕ್ಕೊಮ್ಮಿ ಹಬ್ಬ," ಅಂದರು, ತಲೆಯಾಡಿಸಿದ್ದ ಅದೇ ಮಾಸ್ತರರು.

ಅವನು ಗಾಲಿಯ ಸಂದಿಗೂ ಹೊಡೆದ. ನನ್ನ ಮುಖ, ಡಿಸ್ಕಿನ ಮುಖ, ಎಲ್ಲ ತೊಯ್ದವು. ಕೂಗಲು ನನಗೆ ಬಾಯಿಲ್ಲ. ಆಮೇಲೆ ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ, ಸ್ಟೇರಿಂಗಿಗೆ ವಿಭೂತಿ, ಗಾಲಿಗಳ ಕೆಳಗೆ ನಿಂಬೆಹಣ್ಣು. ನನಗೆ ಮಾತ್ರ ಎಣ್ಣೆಯ ಅಭಿಷೇಕ. ಮನೆಗೆ ಬರುವಾಗಲೇ ನನ್ನ ಹಿಡಿತ ಜಾರುತ್ತಿತ್ತು. ನೀರು ಹೊಕ್ಕಿದೆ, ಒಣಗಿದರೆ ಸರಿಹೋಗುತ್ತದೆ ಎಂದುಕೊಂಡರು ಮಾಸ್ತರರು.

ಮರುದಿನ ದಸರಾ. ಊರವರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವ ದಿನ. ಮಾಸ್ತರರ ಹೆಂಡತಿ ನೀಲವ್ವ ಮಡಿಲಲ್ಲಿ ಬನ್ನಿ ಇಟ್ಟುಕೊಂಡು ತಂಗಿಯ ಮನೆಗೆ ಹೊರಟಿದ್ದರು. ಮಾಳಮಡ್ಡಿಯ ಇಳಿಜಾರಿನಲ್ಲಿ ಮಾಸ್ತರರು ಬ್ರೇಕ್ ಒತ್ತಿದರು. ನಾನು ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಇರುವ ಜೀವವನ್ನೆಲ್ಲ ಹಾಕಿದೆ. ಮಾಸ್ತರರು ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನು ಬದಿಯ ಉಸುಕಿನ ರಾಶಿಗೆ ನುಗ್ಗಿಸಿದರು. ನೀಲವ್ವನ ಹಣೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ಉಸುಕಿನಾಚೆ ಒಂದು ಮನೆಯ ಕಟ್ಟೆಯಿತ್ತು, ಅದರ ಮೇಲೆ ಮೂವರು ಮಕ್ಕಳು ಕೂತಿದ್ದರು. ಅದನ್ನು ನೆನೆದರೆ ನಾನು ಈಗಲೂ ಬಿಸಿಯಾಗುತ್ತೇನೆ.

ಸಂಜೆ ಕಾರನ್ನು ಹಗ್ಗ ಕಟ್ಟಿ ಮನೆಗೆ ಎಳೆದು ತಂದರು. ದಾರಿಯಲ್ಲಿ ಚಹಾದ ಹೋಟೆಲಿನ ಮುಂದೆ ಜನ ಸೇರಿತು. ಅಲ್ಲಿ ಮಾಸ್ತರರು ಎಲ್ಲರಿಗೂ ಕೇಳುವಂತೆ ಹೇಳಿದರು: "ದಾವಲಸಾಬ ಡುಪ್ಲಿಕೇಟ್ ಪ್ಯಾಡ್ ಹಾಕ್ಯಾನ. ನಂಬಿದವ್ರ ಕುತ್ತಿಗಿ ಕೊಯ್ದ."

ನಾನು ಡುಪ್ಲಿಕೇಟ್! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ನನ್ನ ಮಾನ ಹಾಳಾಗಿಹೋಗಲಿ, ನಾನು ತಗಡು. ಆ ಮನುಷ್ಯನ ಇಪ್ಪತ್ತು ವರ್ಷದ ಹೆಸರು? ಎರಡೇ ದಿನಕ್ಕೆ ನಾಲ್ಕು ಗಾಡಿಯವರು ಅವನ ಗ್ಯಾರೇಜು ಬಿಟ್ಟರು. ಪ್ರತಿ ದಸರೆಗೆ ಮಾಸ್ತರರ ಕೈಯಿಂದ ಅವನಿಗೆ ಬನ್ನಿ ಬರುತ್ತಿತ್ತು. ಆ ಸಲ ಬರಲಿಲ್ಲ.

ಮೂರನೆಯ ದಿನ ದಾವಲಸಾಬ ತಾನಾಗಿಯೇ ಮನೆಗೆ ಬಂದ. ಜಗಳಾಡಲಿಲ್ಲ. ಗಾಲಿ ಬಿಚ್ಚಿದ, ನನ್ನನ್ನು ತೆಗೆದು ಮೂಸಿದ, ನೀಲವ್ವನ ಮುಂದೆ ಹಿಡಿದ. "ವಾಸನಿ ನೋಡ್ರಿ ಅಕ್ಕಾರ. ಎಣ್ಣಿ."

"ಮ್ಯಾಲ ಹತ್ತಿರಬೇಕು, ಒರಸಿದ್ರ ಹೋಗತೈತಿ," ಅಂದರು ಮಾಸ್ತರರು.

ನೀಲವ್ವ ಅರಿವೆಯಿಂದ ನನ್ನನ್ನು ತಿಕ್ಕಿ ಒರೆಸಿದರು. ಆಮೇಲೆ ಒಳಗೆ ಒಯ್ದು ಇಕ್ಕಳದಿಂದ ಹಿಡಿದು ಗ್ಯಾಸಿನ ಉರಿಯ ಮೇಲೆ ಕಾಯಿಸಿದರು. ನನಗೆ ಬೇಕಾದದ್ದೂ ಅದೇ. ಕುಡಿದದ್ದನ್ನೆಲ್ಲ ಕಕ್ಕಿದೆ. ಎಣ್ಣೆ ಹನಿಹನಿಯಾಗಿ ಮೇಲೆ ಬಂತು, ಕಪ್ಪು ಹೊಗೆ ಅಡುಗೆಮನೆ ತುಂಬಿತು. ನನ್ನ ಬಾಳಿನಲ್ಲಿ ನಾನು ಆಡಿದ ಮಾತು ಅದೊಂದೇ.

ಮಾಸ್ತರರ ಮುಖ ಸಣ್ಣದಾಯಿತು. "ತಪ್ಪಾತು ದಾವಲಸಾಬ," ಎಂದು ಗೊಣಗಿದರು.

"ಇಲ್ಲಿ ಯಾಕ ಹೇಳ್ತೀರಿ?" ಅಂದರು ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ನೀಲವ್ವ. "ಹತ್ತು ಮಂದ್ಯಾಗ ಅಂದೀರಿ, ಹತ್ತು ಮಂದ್ಯಾಗ ಹೇಳ್ರಿ."

ಮಾಸ್ತರರು ನನ್ನನ್ನು ಜುಬ್ಬಾದ ಕಿಸೆಗೆ ಹಾಕಿಕೊಂಡು, ದಾವಲಸಾಬನನ್ನು ಕರೆದುಕೊಂಡು ಹೋಟೆಲಿಗೆ ಹೋದರು. ಕಿಸೆಯಲ್ಲಿ ನನ್ನ ಪಕ್ಕ ಒಣಗಿದ ಬನ್ನಿ ಎಲೆಗಳಿದ್ದವು. ನನ್ನನ್ನು ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು. "ಪ್ಯಾಡ್ ಖರೇದ ಐತಿ. ಎಣ್ಣಿ ಹೊಡಿಸಿದಾವ ನಾ. ಸುಳ್ಳು ಹೇಳಿದಾವನೂ ನಾನ." ಮಾಸ್ತರರು ಬನ್ನಿ ಎಲೆ ಮುಂದೆ ಹಿಡಿದರು. "ಬಂಗಾರ ತಗೋ ದಾವಲಸಾಬ. ತಡಾ ಆತು."

ದಾವಲಸಾಬ ಹೆಗಲ ಮೇಲಿನ ಅರಿವೆಯಿಂದ ಬೆರಳು ಬೆರಳು ಒರೆಸಿಕೊಂಡು ಎಲೆ ತೆಗೆದುಕೊಂಡ. "ಬಂಗಾರದಂಗ ಇರೂಣ್ರಿ," ಅಂದ.

ಬಿಟ್ಟುಹೋದ ನಾಲ್ಕರಲ್ಲಿ ಮೂರು ಗಾಡಿ ತಿರುಗಿ ಬಂದವು. ಇನ್ನೊಂದು ಬರಲಿಲ್ಲ. ಆಡಿದ ಮಾತಿಗೆ ಬ್ರೇಕ್ ಹಾಕುವ ಪ್ಯಾಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾರಿಗೆ ಹೊಸ ಪ್ಯಾಡುಗಳು ಬಂದವು. ನಾನೀಗ ಗ್ಯಾರೇಜಿನ ಗೂಡಿನಲ್ಲಿದ್ದೇನೆ. ಅರ್ಧವೂ ಸವೆಯದೆ ಸತ್ತವನು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹಬ್ಬ ಬಂದಾಗಲೆಲ್ಲ ದಾವಲಸಾಬ ನನ್ನನ್ನು ಎತ್ತಿ ತೋರಿಸಿ, ಕೆಳಗೆ ಎಣ್ಣೆ ಹೊಡೆಸಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಅರ್ಧ ಜನ ತಲೆಯಾಡಿಸಿ, ಹೋಗಿ ಹೊಡೆಸುತ್ತಾರೆ.

ಹೋದ ಖಂಡೇನವಮಿಗೆ ಮಾಸ್ತರರು ಬಂದು ನನಗೊಂದು ಕುಂಕುಮದ ಬೊಟ್ಟು ಇಟ್ಟರು. ಬದುಕಿದ್ದಾಗ ಎಣ್ಣೆ, ಸತ್ತ ಮೇಲೆ ಕುಂಕುಮ! ಬೈಯಬೇಕೆಂದುಕೊಂಡೆ. ಆದರೆ ನನ್ನನ್ನು ಮುಟ್ಟುವ ಮೊದಲು ಅವರು ನಲ್ಲಿಯ ಹತ್ತಿರ ಹೋಗಿ, ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದಿದ್ದರು.