ಅರ್ಧಕ್ಕೆ ಬಿಟ್ಟ ಡಬ್ಬಿ

ಬೆಟಗೇರಿಯ ನೇಕಾರ ವೆಂಕಪ್ಪನ ಮನೆಯಲ್ಲಿ ಮೂರೂವರೆ ವರ್ಷದ ಶೀತಲ್‌ಗೆ ಬೆಳಗಾಯಿತೆಂದರೆ ಬಾಯಿ ತೆರೆಯುವ ಕೆಲಸ ಶುರುವಾಗುತ್ತಿತ್ತು. ಮೊದಲು ಅಜ್ಜಿ ಬನಶಂಕರೆವ್ವ ಬರುವಳು, ಕೈಯಲ್ಲಿ ಕಿತ್ತಳೆ ರುಚಿಯ ಪುಟ್ಟ ಬಾಟ್ಲಿ. ಅವಳು ಅತ್ತ ಹೋದೊಡನೆ ತಾಯಿ ಅನುರಾಧಾ, ಫೋನಿನ ವಿಡಿಯೋದಲ್ಲಿ ಯಾರೋ ಹೊಗಳಿದ್ದ ವಿಟಮಿನ್ ಜೆಲ್ಲಿ ಕೊಡುವಳು, ಅದರ ಬೆನ್ನಿಗೆ ಹಸಿವಿನ ಟಾನಿಕ್ಕು. ಸಂಜೆ ಗದಗಿನ ಮೊಬೈಲ್ ಅಂಗಡಿಯಿಂದ ಬರುವ ಅಪ್ಪ ಸಾಗರ ಚಪ್ಪಲಿ ಬಿಡುವ ಮೊದಲೇ ಬಿಳಿ ಕ್ಯಾಲ್ಸಿಯಂ ಸೀಸೆ ಅಲ್ಲಾಡಿಸುವನು. ಒಬ್ಬರು ಎಷ್ಟು ಕೊಟ್ಟರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೇಳಿದರೆ ಪ್ರೀತಿಯ ಮೇಲೆ ಸಂಶಯಪಟ್ಟಂತೆ ಎಂದು ಯಾರೂ ಕೇಳುತ್ತಿರಲಿಲ್ಲ.

ಸೀಸೆಗಳು ಬರುತ್ತಿದ್ದದ್ದು ಹೆಚ್ಚಾಗಿ ಅಮಾವಾಸ್ಯೆಗೆ. ಅಂದು ಓಣಿಯ ಮಗ್ಗಗಳಿಗೆ ರಜೆ, ಬೀಗರು ಬಿಜ್ಜರು ಬರುವ ದಿನ. ಮೊದಲೆಲ್ಲ ಕೂಸಿರುವ ಮನೆಗೆ ಬಾಳೆಹಣ್ಣು ತರುತ್ತಿದ್ದರು, ಪುಟಾಣಿ ಬೆಲ್ಲ ತರುತ್ತಿದ್ದರು. ಈಗ ಟಾನಿಕ್ಕು ತರದಿದ್ದರೆ ಬಂದವರಿಗೇ ಮುಜುಗರ. ಸಾಗರನ ಅಕ್ಕ ಲಕ್ಷ್ಮೀದೇವಿಯನ್ನು ಮುಂಡರಗಿಗೆ ಕೊಟ್ಟಿದ್ದರು. ಅವಳ ಮೊಣಕಾಲು ನೋವಿಗೆ ಡಾಕ್ಟರು ವಾರಕ್ಕೊಂದರಂತೆ ಕುಡಿಯಲು ಬರೆದಿದ್ದ ಔಷಧವೇ ಆ ಕಿತ್ತಳೆ ಬಾಟ್ಲಿ. "ನನಗ ಎಷ್ಟ ಆರಾಮ ಆತು ಗೊತ್ತೇನ. ಕೂಸಿಗೂ ಎಲುಬು ಗಟ್ಟಿ ಆಗ್ಲಿ" ಎಂದು ಎಂಟು ಬಾಟ್ಲಿಯ ಡಬ್ಬಿಯನ್ನೇ ತಂದಿಟ್ಟಳು. ವಾರಕ್ಕೊಂದು ಎಂಬ ಮಾತು ಮುಂಡರಗಿ ಬಸ್ಸಿನಲ್ಲೇ ಉಳಿಯಿತು. ಬನಶಂಕರೆವ್ವ ದಿನಕ್ಕೊಂದು ಕುಡಿಸಿದಳು. ಡಬ್ಬಿ ತೀರಿದ ಮೇಲೆ ಖಾಲಿ ಬಾಟ್ಲಿ ತೋರಿಸಿ ಔಷಧದಂಗಡಿಯಿಂದ ಮತ್ತೆ ತಂದಳು.

ಇದರ ಹಿಂದೆ ಆ ಮನೆಯದೇ ಒಂದು ಕಟ್ಟಳೆಯಿತ್ತು. ಮಗ್ಗಕ್ಕೆ ಏರಿಸಿದ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ನಡುವೆ ಕತ್ತರಿಸಬಾರದು, ಕತ್ತರಿಸಿದರೆ ಮನೆಗೆ ಕೇಡು. ಬನಶಂಕರೆವ್ವ ಅದನ್ನು ಅತ್ತೆಯಿಂದ ಕಲಿತಿದ್ದಳು, ಕಲಿತದ್ದನ್ನು ಮಗ್ಗದಿಂದ ಇಳಿಸಿ ಮೊಮ್ಮಗಳ ಬಾಯಿಗೂ ತಂದಿದ್ದಳು. ಕೂಸಿನ ಹೆಸರಿಗೆ ಬಂದ ಡಬ್ಬಿ ಅರ್ಧಕ್ಕೆ ಉಳಿದರೆ ಕೂಸಿನ ಬೆಳವಣಿಗೆಯೂ ಅರ್ಧಕ್ಕೆ ನಿಲ್ಲುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ಅವಳನ್ನು ನಾವು ರಾಕ್ಷಸಿ ಅನ್ನುವಂತಿಲ್ಲ. ಆ ಕೂಸಿಗಾಗಿ ಜೀವ ಬಿಡುವ ಹೆಂಗಸು ಅವಳು.

ಆಶಾ ಕಾರ್ಯಕರ್ತೆ ಬಾನುಬಿ ಮಾತ್ರ ಒಂದೇ ಒಂದು ಸೀಸೆ ಕೊಟ್ಟು ಹೋಗಿದ್ದಳು, ಕಬ್ಬಿಣದ ಸಿರಪ್ಪು. "ಕೂಸಿನ ಕಣ್ಣಾಗ ರಕ್ತ ಇಲ್ಲವ್ವಾ. ವಾರಕ್ಕ ಎರಡ ಸಲ, ಈ ಗೆರಿತನಕ ಅಷ್ಟ" ಎಂದು ಗೆರೆಯನ್ನು ಬೆರಳಿಟ್ಟು ತೋರಿಸಿದ್ದಳು. ಅದನ್ನು ಕುಡಿದರೆ ಮಗು ಕಪ್ಪಾಗುತ್ತದೆಂದು ಬನಶಂಕರೆವ್ವ ಅದನ್ನು ಗೋಡೆಯ ಗೂಡಿನಲ್ಲಿ ಹಿಂದಕ್ಕೆ ಸರಿಸಿಟ್ಟಳು. ಬಿಟ್ಟಿ ಸಿಕ್ಕ ಔಷಧಕ್ಕೆ ಕಟ್ಟಳೆ ಅನ್ವಯಿಸಲಿಲ್ಲ ನೋಡಿ.

ಎರಡನೇ ತಿಂಗಳಿಗೆ ಶೀತಲ್ ಊಟ ಬಿಟ್ಟಳು. ರೊಟ್ಟಿ ಹಾಲು ಕಲಸಿ ಕೊಟ್ಟರೆ ಮುಖ ತಿರುಗಿಸುವಳು, ನೀರನ್ನು ಮಾತ್ರ ಗಟಗಟ ಕುಡಿಯುವಳು. ನಿಂತಲ್ಲೇ ಚಡ್ಡಿ ಒದ್ದೆ. ನಾಲ್ಕು ದಿನಕ್ಕೊಮ್ಮೆ ಅತ್ತೂ ಕರೆದೂ ಹೊರಕಡೆ. ತಿಂದಷ್ಟೂ ವಾಂತಿ. ಮಗ್ಗದ ಸದ್ದಿಗೆ ಚಪ್ಪಾಳೆ ತಟ್ಟುತ್ತಿದ್ದ ಹುಡುಗಿ ಈಗ ಗೋಡೆಗೊರಗಿ ಸುಮ್ಮನೆ ಕೂರುವಳು. ಅನುರಾಧಾಳಿಗೆ ಕೂತಲ್ಲಿ ಕೂರಲಾಗದು. ಕಂಡಿಕೆಗೆ ನೂಲು ಸುತ್ತಲು ರಾಟೆಯ ಮುಂದೆ ಕೂತರೆ ಎಳೆ ಹರಿಯುವುದು, ಎದ್ದು ಹೋಗಿ ಮಗಳ ಹಣೆ ಮುಟ್ಟುವಳು, ಮತ್ತೆ ಬಂದು ಕೂರುವಳು, ಮತ್ತೆ ಏಳುವಳು.

"ಅತ್ತಿ, ಈ ಬಾಟ್ಲಿ ಸ್ವಲ್ಪ ದಿನ ನಿಲ್ಲಿಸೂಣೇನ್ರಿ?"

"ನಿಲ್ಲಸ್ತಾಳಂತ. ಕೂಸು ಹಿಂಗ ಸೊರಗೈತಿ, ಈಗ ನಿಲ್ಲಸೂದ? ಶಕ್ತಿ ಇಲ್ಲದಕ್ಕ ಹಿಂಗಾಗೈತಿ. ಇನ್ನೊಂದ ಹೆಚ್ಚಿಗಿ ಕುಡಸ್ಬೇಕು."

 ಅನುರಾಧಾ ತಾನೂ ಅಂದು ಒಂದು ಜೆಲ್ಲಿ ಹೆಚ್ಚು ಕೊಟ್ಟಳು. ಆ ಒಂದು ಜೆಲ್ಲಿ ಮುಂದೆ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಒಂದು ಮುಂಜಾನೆ ಬಾನುಬಿ ಬಂದು ಕೂಸನ್ನು ಎತ್ತಿಕೊಂಡವಳೇ ತಡಬಡಿಸಿದಳು. "ಏನವ್ವಾ ಇದು, ಹೂವಿನಂಗ ಹಗರ ಆಗ್ಯಾಳ. ಗದಗಕ್ಕ ನಡಿ ಈಗ. ಮನ್ಯಾಗ ಏನೇನ ಕುಡಸ್ತೀರಿ, ಎಲ್ಲಾ ಚೀಲಕ್ಕ ಹಾಕ್ಕೋ, ಖಾಲಿ ಬಾಟ್ಲಿನೂ ಬಿಡಬ್ಯಾಡ." ಶೀತಲ್ ಆಟಕ್ಕೆಂದು ಸಾಲಾಗಿ ಜೋಡಿಸಿದ್ದ ಖಾಲಿ ಕಿತ್ತಳೆ ಬಾಟ್ಲಿಗಳನ್ನು ಅನುರಾಧಾ ಎರಡೂ ಕೈಯಿಂದ ಬಾಚಿಕೊಂಡಳು.

ಮಕ್ಕಳ ಡಾಕ್ಟರು ವಿದ್ಯಾಶ್ರೀ ಶಿರಹಟ್ಟಿ ಕಡೆಯವರು. ಚೀಲವನ್ನು ಮೇಜಿನ ಮೇಲೆ ಸುರುವಿ ಒಂದೊಂದರ ಚೀಟಿಯನ್ನೂ ಓದಿದರು. ಓದುತ್ತ ಓದುತ್ತ ಅವರ ಮುಖ ಬಿಗಿಯಿತು.

"ಈ ಜೆಲ್ಲಿಯೊಳಗ ವಿಟಮಿನ್ ಡಿ ಐತಿ. ಕ್ಯಾಲ್ಸಿಯಮ್ಮಿನೊಳಗೂ ಐತಿ. ಈ ಸಣ್ಣ ಬಾಟ್ಲಿಯಂತೂ ಬರೇ ಅದ, ದೊಡ್ಡವ್ರು ವಾರಕ್ಕೊಂದ ಕುಡಿಯೂದು, ಅದೂ ಡಾಕ್ಟರ್ ಹೇಳಿದ್ರ. ದಿನಾ ಕೊಟ್ಟೀರೇನು?"

"ಶಕ್ತಿದು ಅಂತ ಕೊಟ್ಟೇವ್ರಿ."

"ನೋಡವ್ವಾ, ಹೆಚ್ಚಾದ ವಿಟಮಿನ್ ಎಲ್ಲಾ ಉಚ್ಚಿಯೊಳಗ ಹೋಗೂದಿಲ್ಲ. ಡಿ ಅಂಥಾದ್ದು ಮೈಯಾಗ ಉಳಿತೈತಿ. ಉಳದು ರಕ್ತದಾಗ ಕ್ಯಾಲ್ಸಿಯಂ ಏರಸ್ತೈತಿ. ವಾಂತಿ, ನೀರಡಿಕಿ, ಹೊಟ್ಟಿ ಕಟ್ಟೂದು, ಎಲ್ಲಾ ಅದರದ. ನೀವು ರೋಗಕ್ಕ ಔಷಧ ಕೊಡಾಕತ್ತಿಲ್ಲ, ಔಷಧದಿಂದ ರೋಗ ತರಾಕತ್ತೀರಿ." ಆಮೇಲೆ ತುಂಬಿದ್ದ ಒಂದೇ ಸೀಸೆಯನ್ನು ಎತ್ತಿ ಹಿಡಿದರು, ಬಾನುಬಿ ಕೊಟ್ಟದ್ದು. ಅದರ ಮುಚ್ಚಳವನ್ನೇ ಯಾರೂ ತೆರೆದಿರಲಿಲ್ಲ. "ಆಕಿಗೆ ಬೇಕಾಗಿದ್ದು ಇದೊಂದ."

ಶೀತಲ್ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಪುಟ್ಟ ಕೈಗೆ ಸೂಜಿ ಚುಚ್ಚಿ ಸಲೈನ್ ಏರಿಸಿದರು. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಒಳಗೆ ಸುಣ್ಣದ ಚುಕ್ಕೆಗಳು ಕಂಡವು. ಹೋಗುತ್ತವೆಯೋ ಇಲ್ಲವೋ, ಕಾದು ನೋಡಬೇಕೆಂದರು. ಮನೆಗೆ ಕಳಿಸುವಾಗ ವಿದ್ಯಾಶ್ರೀ ಹೇಳಿದ್ದು ಒಂದೇ ಮಾತು. "ನಾ ಬರದದ್ದನ್ನ ಬಿಟ್ಟು ಒಂದ ಹನಿ ಸೈತ ಬ್ಯಾಡ. ಮತ್ತ ಹಿಂಗಾದ್ರ ಕಿಡ್ನಿ ಉಳಿಯೂದಿಲ್ಲ."

ಅನುರಾಧಾ ಗೂಡು ತೊಳೆದಳು. ಜೆಲ್ಲಿ, ಟಾನಿಕ್ಕು, ಬಿಳಿ ಸೀಸೆ, ಎಲ್ಲ ಚರಂಡಿ ಕಂಡವು.  ಮೂರು ವಾರ ಶೀತಲ್ ರೊಟ್ಟಿ ಮುರಿದು ತಿಂದಳು, ನಕ್ಕಳು, ಮತ್ತೆ ಚಪ್ಪಾಳೆ ತಟ್ಟಿದಳು. ನಾಲ್ಕನೇ ವಾರ ಮತ್ತೆ ನೀರು, ನೀರು ಎನ್ನತೊಡಗಿದಳು.  ಅಮಾವಾಸ್ಯೆಯ ಮುಂಜಾನೆ ಅನುರಾಧಾ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಗದಗಕ್ಕೆ ಓಡಿದಳು. ವಿದ್ಯಾಶ್ರೀ ರಕ್ತದ ವರದಿಯನ್ನು ಎರಡು ಸಲ ನೋಡಿದರು.

"ಇಳದಿದ್ದ ಕ್ಯಾಲ್ಸಿಯಂ ಮತ್ತ ಏರೇತಿ. ಹಳೇದು ಮೈಯಾಗ ಇನ್ನೂ ಇರತೈತಿ, ಖರೆ, ಆದ್ರ ಇಷ್ಟ ಏರಬಾರದಾಗಿತ್ತು. ಮನ್ಯಾಗ ಯಾರೋ ಕೊಡಾಕತ್ತಾರ. ಹುಡುಕ್ರಿ. ಮಧ್ಯಾಹ್ನ ತಂದು ಅಡ್ಮಿಟ್ ಮಾಡ್ರಿ."

ಆಟೋದಲ್ಲಿ ಬರುವಾಗ ಅನುರಾಧಾ ಎಲ್ಲರನ್ನೂ ಸಂಶಯಿಸಿದಳು. ಗಂಡನನ್ನು, ಪಕ್ಕದ ಮನೆಯವರನ್ನು, ಕೊನೆಗೆ ತನ್ನ ನೆನಪನ್ನೇ. ಮನೆಯ ಪಡಸಾಲೆಯಲ್ಲಿ ಲಕ್ಷ್ಮೀದೇವಿ ಕೂತಿದ್ದಳು, ಪಕ್ಕದಲ್ಲಿ ಬನಶಂಕರೆವ್ವ. ಮಗ್ಗ ನಿಂತಿತ್ತು. ವೆಂಕಪ್ಪ ನೇಯುವಾಗ ಕಾಲಿಳಿಸುವ ಕುಣಿಯ ಅಂಚಿಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಲಕ್ಷ್ಮೀದೇವಿ ಚೀಲದಿಂದ ಹೊಸ ಡಬ್ಬಿಯೊಂದನ್ನು ತೆಗೆದದ್ದೇ ತಡ, ಶೀತಲ್ ತಾಯಿಯ ಕಂಕುಳಿಂದ ಜಾರಿ ಅತ್ತ ನಡೆದಳು.

"ಕಿತ್ತಳಿ ಕೊಡು. ಅಜ್ಜಿ ದಿನಾ ಕೊಡ್ತಾಳ."

 ಅನುರಾಧಾ ಅತ್ತೆಯ ಮುಖ ನೋಡಿದಳು. ಬನಶಂಕರೆವ್ವ ಸೆರಗು ಸರಿಮಾಡಿಕೊಂಡಳು, ಆದರೆ ತಲೆ ತಗ್ಗಿಸಲಿಲ್ಲ.

"ಹೌದು, ಕೊಟ್ಟೇನಿ. ಕೂಸು ದವಾಖಾನಿಯಾಗ ಇದ್ದಾಗ ಲಕ್ಷ್ಮಿ ತಂದಿದ್ದ ಡಬ್ಬಿ ಅದು, ಟ್ರಂಕಿನ್ಯಾಗ ಇತ್ತು. ಹೋದ ವಾರ ಒಂದು ಒಡದು ಕುಡಸಿದೆ. ಒಡದದ್ದನ್ನ ಅರ್ಧಕ್ಕ ಬಿಟ್ರ ಏನಾಗತೈತಿ ನಿನಗೇನ ಗೊತ್ತು? ನನ್ನ ಮೊಮ್ಮಗಳು ಗಿಡ್ಡಕ್ಕ ನಿಲ್ಲಬೇಕೇನ?"

"ಗಿಡ್ಡಕ್ಕ ಇರ್ಲ್ರಿ ಅತ್ತಿ. ಜೀವಂತ ಇರ್ಲಿ."

ಅವಳು ಡಬ್ಬಿಯನ್ನು ಎತ್ತಿ ನಾದಿನಿಯ ಚೀಲಕ್ಕೆ ವಾಪಸು ಹಾಕಿದಳು. ಮದುವೆಯಾಗಿ ಆರು ವರ್ಷದಲ್ಲಿ ಈ ಮನೆಯ ಮಗಳು ತಂದದ್ದನ್ನು ಅವಳು ಒಮ್ಮೆಯೂ ಬೇಡ ಅಂದಿರಲಿಲ್ಲ.  "ಅಕ್ಕಾರ, ನೀವು ಬರ್ರಿ, ಉಣ್ರಿ, ನಾಕ ದಿನ ಇರ್ರಿ. ಇದ ಮಾತ್ರ ಈ ಹೊಸ್ತಿಲಾ ದಾಟಬಾರದು. ಯಾರ ತಂದ್ರೂ ಅಷ್ಟ. ನಮ್ಮವ್ವ ತಂದ್ರೂ ಅಷ್ಟ. ನಾನೂ ಕೊಟ್ಟೇನ್ರಿ, ಜೆಲ್ಲಿ ಕೊಟ್ಟೇನಿ, ತಪ್ಪು ನಂದೂ ಐತಿ. ಇನ್ನ ಆಗೂದಿಲ್ಲ."

"ಮಗಳು ತಂದದ್ದನ್ನ ತಿರುಗಿ ಕಳಸ್ತಾಳ, ನೋಡ್ರಿ ನಿಮ್ಮ ಸೊಸಿ" ಎಂದು ಬನಶಂಕರೆವ್ವ ಗಂಡನ ಕಡೆ ತಿರುಗಿದಳು. "ಏರಿಸಿದ ಹಾಸು ಕತ್ತರಿಸಿದಂಗ ಅಲ್ಲೇನ ಇದು?"

ವೆಂಕಪ್ಪ ಎಲೆಯ ರಸ ಉಗುಳಿ ಬಂದು ನಿಂತ. ಬಹಳ ಮಾತಿನ ಮನುಷ್ಯನಲ್ಲ.

"ನಾ ಕತ್ತರಿಸೇನಿ."

"ಏನು?"

"ಹಾಸು. ಮೂರ ಸಲ. ಬಣ್ಣ ಕೆಟ್ಟು ಎಳಿ ಪುಸಕ್ಕನ ಹರಿತಿತ್ತು. ಹಂಗ ನೇದ್ರ ಸೀರಿ ಸುಡುಗಾಡಿಗೂ ಬರ್ತಿರಲಿಲ್ಲ. ನೀ ಅಂಜತಿ ಅಂತ ಹೇಳಲಿಲ್ಲ. ಒಂದ ಸಲ ಕತ್ತರಿಸಿದ್ದು ಈ ಲಕ್ಷ್ಮಿ ನಿನ್ನ ಹೊಟ್ಟ್ಯಾಗ ಇದ್ದಾಗ. ಏನ ಕೇಡ ಆತು ಆಕಿಗೆ? ಎದುರಿಗೇ ಕುಂತಾಳಲ್ಲ."

ಬನಶಂಕರೆವ್ವ ಮಗಳನ್ನು ನೋಡಿದಳು. ನಾಲ್ಕೂವರೆ ದಶಕದಿಂದ ತಾನು ಕಾದುಕೊಂಡು ಬಂದ ಭಯ ಇಷ್ಟೇ ಆಗಿತ್ತೇ ಎಂದು ಅವಳಿಗೆ ಅನ್ನಿಸಿರಬೇಕು. ಅಷ್ಟರಲ್ಲಿ ಶೀತಲ್ ನೆಲದ ಮೇಲೆ ಕೂತು ಹಳದಿಯಾಗಿ ವಾಂತಿ ಮಾಡಿದಳು. ಅಜ್ಜಿಯೇ ಮೊದಲು ಓಡಿ ಹಣೆ ಹಿಡಿದಳು, ಸೆರಗಿನಿಂದ ಬಾಯಿ ಒರೆಸಿದಳು. ಒರೆಸಿದ ಸೆರಗಿಗೆ ಕಿತ್ತಳೆ ವಾಸನೆ ಅಂಟಿತು. ಅವಳು ಅದನ್ನು ಮೂಸಿ ನೋಡಿ ಗಳಗಳನೆ ಅತ್ತಳು.

ಅನುರಾಧಾ ಆಸ್ಪತ್ರೆಯ ಚೀಲ ಕಟ್ಟಿಕೊಂಡಳು. ಆಟೋ ಬಾಗಿಲಿಗೆ ಬಂದಾಗ ಬನಶಂಕರೆವ್ವ ಒಳಗಿನಿಂದ ಟ್ರಂಕಿನ ಡಬ್ಬಿ ತಂದು ಸೊಸೆಯ ಕೈಗಿಟ್ಟಳು.

"ಡಾಕ್ಟರಿಗೆ ತೋರಸು. ಎಷ್ಟ ಕೊಟ್ಟೇನಿ ಅನ್ನೂದು ಅವ್ರಿಗೆ ಗೊತ್ತಾಗ್ಲಿ."

ಅನುರಾಧಾ ಮುಚ್ಚಳ ತೆರೆದು ನೋಡಿದಳು. ಎಂಟರಲ್ಲಿ ಮೂರು ಬಾಟ್ಲಿ ಉಳಿದಿದ್ದವು. ಆ ಮೂರು ಹಾಗೇ ಉಳಿದವು.