ನೀರಿನಲ್ಲೊಂದು ಟ್ರಯಲ್

ಆ ಬೀದಿಯ ಟೈಲರಣ್ಣನ ಕೈಚಳಕ ಎಂಥದ್ದು ಗೊತ್ತೇ? ಅವನು ಹಾಕಿದ ಹೊಲಿಗೆ ಹುಡುಕಲು ಹೋದ ಇರುವೆಯೊಂದು ದಾರಿ ತಪ್ಪಿ, ಇನ್ನೂ ಮನೆ ಸೇರಿಲ್ಲ. ಆನೆಗೆ ಕೋಟು ಹೊಲಿದರೂ ಆನೆ ಸಪೂರವಾಗಿ ಕಾಣಬೇಕು, ಅಂಥ ಕತ್ತರಿ! ಅವನ ಅಂಗಡಿಯದು ಒಂದೇ ನಿಯಮ: ಟ್ರಯಲ್ ನೋಡದೆ ಬಟ್ಟೆ ಹೊರಗೆ ಹೋಗುವಂತಿಲ್ಲ.

ಅಂಥವನ ಮೇಜಿನ ಮೇಲೆ ಶುಕ್ರವಾರ ಸಂಜೆ ಪಕ್ಕದ ಬೇಕರಿಯ ಅಕ್ಕ ಲೈಫ್ ಜಾಕೆಟ್‌ಗಳನ್ನು ತಂದು ಧೊಪ್ಪೆಂದು ಹಾಕಿದಳು. ರಜೆಗೆ ಟೈಲರಣ್ಣನ ಮನೆಯವರೂ ಅಕ್ಕನೂ ಸೇರಿ ಬೆಟ್ಟ ಹತ್ತಿ, ಆಚೆಯ ಸರೋವರದ ದಡದಲ್ಲಿ ಟೆಂಟ್ ಹಾಕಿ, ದೋಣಿ ನಡೆಸುವುದೆಂದು ಮಾತಾಗಿತ್ತು. ದೋಣಿ ಅಕ್ಕನದೇ, ಸರೋವರದ ದಡದಲ್ಲೇ ಇತ್ತು.

"ಇದನ್ನ ಹಾಕ್ಕೊಳ್ದೆ ನನ್ನ ದೋಣಿ ಹತ್ತೋ ಹಾಗಿಲ್ಲ ಅಣ್ಣಾ."

"ಇದೇನಕ್ಕಾ, ಹಾಸಿಗೆ ಮಡಚಿ ತೋಳಿಗೆ ತೂತು ಮಾಡಿದಾರೆ! ಯಾವ ಪುಣ್ಯಾತ್ಮ ಹೊಲಿದಿದ್ದು?"

"ಅವನಿಗೆ ಚೆಂದ ಬೇಕಿರ್ಲಿಲ್ಲ, ನಿಮ್ಮ ಜೀವ ಬೇಕಿತ್ತು" ಎಂದು ಅಕ್ಕ ಹೊರಟಳು.

ಟೈಲರಣ್ಣನ ಪುಟ್ಟ ಮಗಳು ತನ್ನ ಜಾಕೆಟ್ ತೊಟ್ಟು ಕನ್ನಡಿ ಮುಂದೆ ನಿಂತಳು. ಮುಖ ಊದಿತು. "ಅಪ್ಪಾ, ಕುಂಬಳಕಾಯಿ ಥರ ಕಾಣ್ತೀನಿ."

ಅಪ್ಪನ ಕರುಳು ಚುರುಕ್ ಎಂದಿತು. ಒಳಹೊಲಿಗೆ ಬಿಚ್ಚಿದ, ದಪ್ಪ ಸ್ಪಂಜಿನ ಹಾಳೆಗಳನ್ನು ಎಳೆದು ಬಿಸಾಡಿದ, ಅಳತೆಗೆ ಹಿಡಿದು ಮತ್ತೆ ಹೊಲಿದ. ಬಿಚ್ಚಿದ್ದರ ಗುರುತನ್ನು ಸೂರ್ಯನೇ ಕನ್ನಡಕ ಹಾಕಿಕೊಂಡು ಬಂದರೂ ಕಂಡುಹಿಡಿಯಲಾರ!

"ಅಮ್ಮಂಗೆ ಹೇಳ್ಬೇಡ ಪುಟ್ಟಿ."

ಶನಿವಾರ ಬೆಟ್ಟ ಹತ್ತಿದರು. ಅದೆಷ್ಟು ಎತ್ತರವೆಂದರೆ, ಮೋಡಗಳೇ ಅರ್ಧದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದವು. ತುದಿಯಲ್ಲಿ ನಿಂತಾಗ ಕೆಳಗೆ ಸರೋವರ ಕಂಡಿತು. ಆಕಾಶವನ್ನೇ ಥಾನುಗಟ್ಟಲೆ ಬಿಚ್ಚಿ ನೆಲಕ್ಕೆ ಹಾಸಿದಂತೆ! ಒಂದು ಸುಕ್ಕಿಲ್ಲ, ಒಂದು ಜೋಡಣೆಯಿಲ್ಲ. ಕಣ್ಣಿನಲ್ಲೇ ಅಳೆಯಲು ಹೊರಟ ಟೈಲರಣ್ಣ ಅಂಚು ಸಿಗದೆ ಸೋತ. ಊರಿಗೆಲ್ಲ ಸಾಲುವಷ್ಟು ಮಾತಾಡುವವನು ಬಾಯಿ ಮುಚ್ಚಿದ್ದನ್ನು ಕಂಡು ಹೆಂಡತಿ ಹಣೆ ಮುಟ್ಟಿ ನೋಡಿದಳು. "ಜ್ವರ ಏನಾದ್ರೂ ಬಂತೇನ್ರೀ?"

ಭಾನುವಾರ ಬೆಳಿಗ್ಗೆ ದೋಣಿ ನೀರಿಗೆ ತಳ್ಳುವ ಮೊದಲು ಅಕ್ಕ ಅಡ್ಡ ನಿಂತಳು. "ಮೊದ್ಲು ಸೊಂಟದುದ್ದ ನೀರಲ್ಲಿ ಟ್ರಯಲ್. ಒಬ್ಬೊಬ್ರೇ ಕಾಲೆತ್ತಿ ತೇಲಿ ತೋರಿಸ್ಬೇಕು."

"ಟ್ರಯಲ್ ಅಂಗಡೀಲೇ ಆಗಿದೆ ಅಕ್ಕಾ."

"ಕನ್ನಡಿ ಮುಂದೆ ಆಗಿರತ್ತೆ. ದೋಣಿ ಮಗುಚೋದು ಕನ್ನಡೀಲಲ್ಲ."

ಬಕೆಟ್ ನೀರಿಗೂ ಹೆದರುವ ಹೆಂಡತಿ ಕಾಲೆತ್ತಿದಳು. "ರೀ! ತೇಲ್ತಿದೀನಿ ಕಣ್ರೀ! ನನ್ನನ್ನ ಯಾರೋ ಎತ್ಕೊಂಡ ಹಾಗಿದೆ!"

ಟೈಲರಣ್ಣನೂ ತೇಲಿದ. ಬಂಡೆಯಂಥ ತನ್ನ ಮೈಯನ್ನು ನೀರು ಹಗುರವಾಗಿ ಹೊತ್ತದ್ದಕ್ಕೆ ಬೆರಗಾದ. ಅಷ್ಟರಲ್ಲಿ ಮಗಳ ಸರದಿ. ಅಕ್ಕ ಅವಳ ಬಕ್ಕಲ್ ನೋಡಿದಳು, ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆದಳು. ಜಗ್ಗಲಿಲ್ಲ. "ವಾಹ್, ಅಳತೆ ತೆಗೆದು ಹೊಲಿದ ಹಾಗಿದೆ!"

ಆ ಮಾತಿಗೆ ಟೈಲರಣ್ಣನಿಗೆ ತಾನು ಬಿಸಾಡಿದ ಸ್ಪಂಜು ನೆನಪಾಯಿತು. "ಅಕ್ಕಾ, ತಡಿ..."

ಮಗಳು ಕಾಲೆತ್ತಿಯಾಗಿತ್ತು. ನೀರಿನ ಮೇಲೆ ಅವಳ ಕೂದಲು ಮಾತ್ರ ಉಳಿಯಿತು.

ಕೈ ಹಿಡಿದೇ ಇದ್ದ ಅಕ್ಕ ಮರುಕ್ಷಣವೇ ಮೇಲೆತ್ತಿದಳು. ಕೆಮ್ಮುತ್ತಿದ್ದ ಮಗುವನ್ನು ತಾಯಿ ಬಾಚಿ ತಬ್ಬಿಕೊಂಡಳು. "ನಮ್ಮದೆಲ್ಲ ತೇಲಿತು, ಇವಳದ್ದಕ್ಕೇನಾಯ್ತು?"

"ತೇಲಿಸೋ ಸ್ಪಂಜನ್ನ ನಾನೇ ತೆಗೆದೆ" ಎಂದ ಟೈಲರಣ್ಣ. "ಚೆಂದ ಕಾಣ್ಲಿ ಅಂತ."

ಹೆಂಡತಿ ಮಗಳನ್ನೆತ್ತಿಕೊಂಡು ಅವನಿಗೆ ಬೆನ್ನು ತಿರುಗಿಸಿದಳು. ಅದಕ್ಕಿಂತ ಬೈಗುಳವೇ ವಾಸಿಯಿತ್ತು.

ಅಕ್ಕ ನಿಧಾನವಾಗಿ ಹೇಳಿದಳು: "ನಿಮ್ಮ ಹೊಲಿಗೆ ನನ್ನ ಕಣ್ಣನ್ನೂ ಗೆದ್ದಿತ್ತು ಅಣ್ಣಾ. ನೀರಿನ ಮುಂದೆ ಗೆಲ್ಲಲಿಲ್ಲ. ಅಲ್ಲಿ ಆಳದಲ್ಲಿ ಗೊತ್ತಾಗಿದ್ರೆ?"

ಟೈಲರಣ್ಣ ದಡದಲ್ಲಿಟ್ಟ ಚೀಲದಿಂದ ತನ್ನ ಕತ್ತರಿ ತೆಗೆದ. ಜನ್ಮದಲ್ಲಿ ಮೊದಲ ಬಾರಿಗೆ ಅಳತೆಯಿಲ್ಲದೆ, ಗೆರೆಯಿಲ್ಲದೆ, ಆ ಜಾಕೆಟ್ಟನ್ನು ಸೀಳಿ ಎರಡು ಹೋಳು ಮಾಡಿದ. "ಇನ್ಯಾರ ಮಗೂನೂ ಇದನ್ನ ಹಾಕ್ಕೋಬಾರ್ದು."

ಅಕ್ಕ ತನ್ನ ದೋಣಿಯ ಪೆಟ್ಟಿಗೆಯಿಂದ ಮಗುವಿನ ತೂಕಕ್ಕೆ ಸರಿಯಾದ ಇನ್ನೊಂದು ಜಾಕೆಟ್ ತಂದಳು. ಮತ್ತೆ ಟ್ರಯಲ್. ಈ ಸಲ ಮಗಳು ಬೆಂಡಿನಂತೆ ತೇಲಿದಳು.

ದೋಣಿ ಹೊರಟಿತು. ಸರೋವರದ ನಡುವೆ ಹುಟ್ಟು ನಿಲ್ಲಿಸಿದಾಗ ಬೆಟ್ಟ ತಲೆಕೆಳಗಾಗಿ ನೀರಲ್ಲಿ ನಿಂತಿತ್ತು. ಕೆಳಗೂ ಆಕಾಶ, ಮೇಲೂ ಆಕಾಶ. ಹುಟ್ಟಿನಿಂದ ಜಾರುವ ಹನಿಯ ಸದ್ದೂ ಕೇಳುವಷ್ಟು ಮೌನ. ಇಷ್ಟು ಚೆಲುವಾದದ್ದು ಇಷ್ಟು ಆಳವೂ ಆಗಿದೆಯಲ್ಲ ಎಂದು ಟೈಲರಣ್ಣನಿಗೆ ಮೈ ಜುಮ್ಮೆಂದಿತು.

"ಅಪ್ಪಾ, ಕುಂಬಳಕಾಯಿ ಮುಳುಗಲ್ಲ ಅಲ್ವಾ?"

"ಮುಳುಗಲ್ಲ ಪುಟ್ಟಿ" ಎಂದ ಅಪ್ಪ, ಅವಳ ಬಕ್ಕಲನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕನ್ನಡಿ ಮುಂದೆ ಚೆಂದ ಕಾಣಬೇಕೆಂದರೆ ಟೈಲರಣ್ಣನ ಅಂಗಡಿಗೆ ಬನ್ನಿ. ಒಂಟೆಯ ಡುಬ್ಬವನ್ನೂ ಮುಚ್ಚಿಕೊಡುತ್ತಾನೆ. ದೋಣಿ ಹತ್ತುವುದಾದರೆ ಮಾತ್ರ ನಿಮ್ಮ ತೂಕಕ್ಕೆ ಹೊಂದುವ ಲೈಫ್ ಜಾಕೆಟ್ ಹಾಕಿ, ಎಲ್ಲ ಬಕ್ಕಲ್ ಬಿಗಿಯಿರಿ. ಸೀಟಿನ ಕೆಳಗೆ ಇಟ್ಟ ಜಾಕೆಟ್ ಯಾರನ್ನೂ ತೇಲಿಸುವುದಿಲ್ಲ. ಅದನ್ನು ಕತ್ತರಿಸಬೇಡಿ, ಹರಿದದ್ದನ್ನು ತೊಡಬೇಡಿ. ಆಳಕ್ಕೆ ಹೋಗುವ ಮುನ್ನ, ಮಕ್ಕಳ ಕೈ ಹಿಡಿದುಕೊಂಡೇ, ದಡದ ನೀರಿನಲ್ಲಿ ಒಂದು ಟ್ರಯಲ್ ನೋಡಿ. ಆಮೇಲೆ ಬೇಕಾದಷ್ಟು ಹೊತ್ತು ಬಾಯಿ ತೆರೆದು ಆ ಬೆಟ್ಟ ನೋಡುತ್ತ ಕೂರಿ!