ಬದುಕಿದ್ದವರಿಗೆ ಒಪ್ಪಾರಿ

ಸಂಜೆ ಐದೂವರೆಗೆ ಫ್ಯಾಕ್ಟರಿ ಬಸ್ಸು ಆಂಡರ್ಸನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅಳುವ ಹಾಡು ಕೇಳಿಸಿತು. ಸಾವಿನ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಹಾಡುವ ಒಪ್ಪಾರಿ. ವೆಲ್ಡರ್ ಚೆನ್ನಕೇಶವ ಊಟದ ಡಬ್ಬಿ ಹಿಡಿದು ಕೆಳಗಿಳಿದ.

ಸಾರಾಯಿ ಅಂಗಡಿಯ ಎದುರಿನ ತಂಗುದಾಣದಲ್ಲಿ ಎಂಟು ಹತ್ತು ಹೆಂಗಸರು ಸುತ್ತಾಗಿ ಕುಳಿತಿದ್ದರು. ನಡುವೆ ಹೆಣವಿರಲಿಲ್ಲ. ಹಾಡುತ್ತಿದ್ದವಳು ಅವನ ಹೆಂಡತಿ ಶಾಂತಮ್ಮ.

"ಸೈಕಲ್ ಇಡ್ಕೊಂಡು ತುಳಿಯೋದು ಕಲ್ಸಿದೆಯಲ್ಲೋ ರಾಜಾ, ಮಗಳಿಗೆ ನೀನೇ ಜಡೆ ಆಕ್ತಿದ್ದೆಯಲ್ಲೋ, ಚೆನ್ನಕೇಶವಾ, ನಮ್ಮನ್ ಬಿಟ್ಟು ಓಗ್ಬಿಟ್ಟೆಯಲ್ಲೋ!"

"ಓಗ್ಬಿಟ್ಟೆಯಲ್ಲೋ!" ಎಂದು ಉಳಿದವರು ಒಟ್ಟಿಗೆ ಎದೆ ಬಡಿದರು.

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವಳು ಗಂಡನ ಹೆಸರು ಹಿಡಿದು ಕೂಗಿದ್ದು ಇದೇ ಮೊದಲು. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು.

"ಬದುಕಿದ್ದೀನಲ್ಲೇ! ಮರ್ಯಾದೆ ತೆಗೀಬೇಡ, ಎದ್ದೇಳು."

"ಸತ್ತ ಮೇಲೆ ಅತ್ರೆ ನಿಂಗೆ ಕೇಳ್ಸಲ್ಲ. ಅದಕ್ಕೆ ಈಗ್ಲೇ ಅಳ್ತಾ ಇದ್ದೀನಿ."

"ದಿನವೆಲ್ಲಾ ಬೆಂಕಿ ಮುಂದೆ ಇರ್ತೀನಿ. ಒಂದು ಪ್ಯಾಕೆಟ್ ಬೀಳ್ದೆ ಮೈನೋವು ಓಗಲ್ಲ ಕಣೇ."

"ನೀನು ಮೋರಿ ಪಕ್ಕ ಬಿದ್ದಿದ್ರೆ ಎಬ್ಸೋಕೆ ಬರೋಳು ನಿನ್ನ ಮಗಳು. ಅವಳ ನೋವಿಗೆ ಏನು ಕುಡಿಸ್ಲಿ?"



ಅಂಗಡಿಯ ಕೋದಂಡಪ್ಪ ಹೊರಗೆ ಬಂದ. "ಲೈಸೆನ್ಸ್ ಇಟ್ಕೊಂಡು ಯಾಪಾರ ಮಾಡ್ತಿದ್ದೀನಿ. ಯಾರ್ನೂ ಕೈಯಿಡ್ದು ಎಳ್ಕೊಂಡು ಬಂದಿಲ್ಲ. ಬಸ್‌ಸ್ಟ್ಯಾಂಡೇನು ಸುಡುಗಾಡಾ? ಪೊಲೀಸ್ನೋರನ್ನ ಕರೀತೀನಿ."

"ಕರೀ ಅಣ್ಣ," ಎಂದಳು ಹೆಂಗಸರ ಸುತ್ತಿನಲ್ಲಿದ್ದ ಮುನಿರತ್ನಮ್ಮ, ಕೂತಲ್ಲಿಂದ ಕದಲದೆ. "ಅವರಲ್ಲೂ ಕುಡಿಯೋರು ಇದ್ರೆ ಎಸ್ರು ಕೇಳ್ಕೊಂಡು ಅವರ್ಗೂ ಒಪ್ಪಾರಿ ಆಡ್ತೀವಿ."

ಹಠಕ್ಕೆ ಬಿದ್ದ ಚೆನ್ನಕೇಶವ ಅಂಗಡಿಯತ್ತ ನಾಲ್ಕು ಹೆಜ್ಜೆ ಹಾಕಿದ. ಹಾಡು ನಿಲ್ಲಲಿಲ್ಲ. ಅಂಗಡಿಯ ಬೆಂಚಿನಲ್ಲಿದ್ದವರು ಮಾತು ಬಿಟ್ಟು ಅವನನ್ನೇ ನೋಡುತ್ತಿದ್ದರು, ಹೆಣ ನೋಡುವ ಹಾಗೆ. ಅಷ್ಟರಲ್ಲಿ ಹಾಡುತ್ತ ಹಾಡುತ್ತಲೇ ಶಾಂತಮ್ಮ ನಿಜಕ್ಕೂ ಅತ್ತುಬಿಟ್ಟಳು. ಪದಗಳು ಒಡೆದುಹೋದವು. ಅವನು ತಿರುಗಿ ಬಂದ.

"ನಡಿ, ಮನೆಗೋಗಣ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಇನ್ನೂ ಆರು ಗಂಡಂದಿರ ಎಸ್ರು ಐತೆ. ಮುಗಿಸಿ ಬತ್ತೀನಿ."

ಚೆನ್ನಕೇಶವ ಹೆಂಗಸರ ಪಕ್ಕದಲ್ಲೇ, ಅಂಗಡಿಗೆ ಹೋಗುವ ದಾರಿಗೆ ಅಡ್ಡವಾಗಿ ನೆಲದ ಮೇಲೆ ಕುಳಿತ.

ಉರಿಗಾಂ ಬಸ್ಸು ಬಂತು. ದಿನವೂ ಅವನ ಜೊತೆ ಕುಡಿಯುತ್ತಿದ್ದ, ಮುನಿರತ್ನಮ್ಮನ ಗಂಡ ಗೋಪಾಲ್ ಇಳಿದವನೇ ಬೆರಗಾದ. "ಏನ್ಲಾ, ಇಲ್ಲಿ ಕೂತಿದ್ದೀಯಾ? ಏಳು, ಓಗಣ."

ಮುನಿರತ್ನಮ್ಮ ಗಂಟಲು ಸರಿಮಾಡಿಕೊಂಡಳು.

ಚೆನ್ನಕೇಶವ ಜರುಗಿ ಜಾಗ ಬಿಟ್ಟ.

"ಕೂತ್ಕೊಳ್ಲಾ," ಎಂದ. "ಮುಂದಿನ ಎಸ್ರು ನಿಂದೇ."